ಗುಡ್ಡೆಗೆ ಇಂಗ್ಲಿಷಲ್ಲಿ ಏನಂತಾರೆ

...ಅಲ್ಲ ಬೈರಮ್ಮ, ನಿಂತೇ ಇದ್ದೀಯಲ್ಲ, ಮೊದಲು ಕೂತ್ಕೋ. ಸಾರಕ್ಕಿಯಿಂದ ಜಯನಗರದ ತನಕ ಈ ಬಿಸಿಲಲ್ಲಿ ನಡ್ಕೊಂಡು ಬಂದಿದ್ದೀಯ. ಮಜ್ಜಿಗೆ ಚೊಂಬು ಅಲ್ಲಿ ಟೈಪ್‌ರೈಟರ್ ಪಕ್ಕ ಬೇಡ, ಕೆಳಗಿಡು. ಹಾಂ. ಈಗ ಕೇಳು. ಬೆಳಿಗ್ಗೆ ಸರ್ವೆಯವರು ನಿನ್ನ ಹೊಲಕ್ಕೆ ಬಂದು ಕಲ್ಲು ನೆಟ್ರು, ನಿನ್ನ ಗಂಡ ಬೋರಣ್ಣನ್ನ ಹೂತಿರೋ ಗುಡ್ಡೆ ಮೇಲೇ ಒಂದು ನೆಟ್ರು ಅಂದೆ. ಕೇಳಿ ನನಗೂ ಹೊಟ್ಟೆ ಉರೀತು. ಆದ್ರೆ ಅದಕ್ಕೆ ನಾನೇನು ಮಾಡ್ಲಿ? ಅರ್ಜಿ ಬರೆಯೋದು ನನ್ನ ಕೆಲಸ, ಬರೆದೆ. ಓದೋದು ಲೇಔಟ್ ಆಫೀಸಿನ ಸಾಹೇಬನ ಕೆಲಸ. ಅವನಿಗೆ ಇಂಗ್ಲಿಷ್ ಬರದೆ ಹೋದ್ರೆ ಈ ಕರಿಬಸವಯ್ಯ ಹೊಣೆನಾ?

ಬರಲ್ಲ ಕಣಮ್ಮ ಅವನಿಗೆ. ಈಗ ಯಾರಿಗೂ ಬರಲ್ಲ. ಸ್ವಾತಂತ್ರ್ಯ ಬಂದು ಹದಿನಾರು ವರ್ಷ ಆಯ್ತು, ಇನ್ನೂ ನಮ್ಮ ಅರ್ಜಿಗಳೆಲ್ಲ 'ಐ ಬೆಗ್ ಟು ಸ್ಟೇಟ್' ಅಂತಾನೇ ಶುರುವಾಗುತ್ತೆ. ಬೇಡ್ಕೊಂಡು ಹೇಳ್ತೀನಿ ಅಂತ! ಯಾಕೆ ಬೇಡ್ಬೇಕು? ಮೂವತ್ತು ವರ್ಷ ಕಚೇರಿಯಲ್ಲಿ ಇನ್ನೊಬ್ಬರು ಹೇಳಿದ್ದನ್ನ ಟೈಪ್ ಮಾಡಿದೆ. ಅದೇ ಇಪ್ಪತ್ತು ಪದ, ತಿರುಗಾಮುರುಗಾ. ರಿಟೈರಾದ ದಿನವೇ ಶಪಥ ಮಾಡ್ದೆ, ಇನ್ನು ಮೇಲೆ ನನ್ನ ಮೆಷಿನ್ ಮೇಲೆ ನನಗೆ ಇಷ್ಟ ಬಂದ ಪದ ಹೊಡೀತೀನಿ ಅಂತ.

ಇದೋ, ಈ ಡಿಕ್ಷನರಿ ನೋಡು. ಕಂಟೋನ್ಮೆಂಟಲ್ಲಿ ಒಬ್ಬ ದೊರೆ ಸೀಮೆಗೆ ಹೊರಟಾಗ ಅವನ ಮನೆ ಸಾಮಾನೆಲ್ಲ ಹರಾಜು ಹಾಕಿದ್ರು. ಜನ ಕುರ್ಚಿ, ಮಂಚ, ಪಿಂಗಾಣಿ ಅಂತ ಮುಗಿಬಿದ್ರು. ನಾನು ಇದನ್ನ ಹೊತ್ಕೊಂಡು ಬಂದೆ. ಇದರೊಳಗೆ ಎಂಥೆಂಥ ಪದ ಇದೆ ಗೊತ್ತಾ? ಅವರೇ ಬಿಟ್ಟು ಹೋದವು, ಅವರ ಮಕ್ಕಳಿಗೇ ಗೊತ್ತಿಲ್ಲದವು. 'ಗ್ಲೋಮಿಂಗ್' ಅಂತ ಒಂದಿದೆ. ದನ ಮನೆಗೆ ಬರೋ ಹೊತ್ತು, ದೀಪ ಹಚ್ಚೋಕೆ ಇನ್ನೂ ಸ್ವಲ್ಪ ಇದೆ ಅನ್ನೋ ಹೊತ್ತು. 'ಓವರ್‌ಮಾರೋ' ಅಂತ ಇನ್ನೊಂದು, ಅಂದ್ರೆ ನಮ್ಮ ನಾಡಿದ್ದು. ಒಂದೇ ಪದದಲ್ಲಿ ಮುಗಿಯೋದನ್ನ ಅವರು ಕೈಬಿಟ್ಟು ಈಗ ನಾಳೆಯ ಮಾರನೆ ದಿನ ಅಂತ ಉದ್ದಕ್ಕೆ ಎಳೀತಾರೆ. ನಾವು ನಾಡಿದ್ದು ಅನ್ನೋದನ್ನ ಬಿಟ್ವಾ? ಇಲ್ವಲ್ಲ. ಆಮೇಲೆ 'ಹಿಗ್ಲ್‌ಡಿ ಪಿಗ್ಲ್‌ಡಿ'...

ಯಾಕೆ ನಗ್ತೀಯ? ನಗು, ನಗು. ಬೆಳಿಗ್ಗೆಯಿಂದ ಅತ್ತು ಮುಖ ಊದ್ಕೊಂಡಿದೆ, ನಕ್ಕರೆ ಒಳ್ಳೇದೇ. ನಿಜವಾಗ್ಲೂ ಇದೆ ಕಣೆ ಆ ಪದ. ನಾವು ಅಡ್ಡಾದಿಡ್ಡಿ ಅನ್ನಲ್ವಾ, ಹಾಗೆ. ನಿನ್ನ ಅರ್ಜೀಲೂ ಹಾಕಿದ್ದೀನಿ, ಸರ್ವೆಯವರು ಊರ ಸುತ್ತ ಕಲ್ಲುಗಳನ್ನ ಹಿಗ್ಲ್‌ಡಿ ಪಿಗ್ಲ್‌ಡಿ ನೆಡ್ತಿದ್ದಾರೆ ಅಂತ. ಎಷ್ಟು ಸರಿಯಾಗಿ ಕೂತಿದೆ ಗೊತ್ತಾ?

ಏನು? ಪಕ್ಕದ ಹೊಲದ ಚಿಕ್ಕಬೈರಪ್ಪನಾ?... ಗೊತ್ತು. ಅವರಪ್ಪನ ಗುಡ್ಡೆ ಬಿಟ್ಟು ಕಲ್ಲು ನೆಟ್ಟಿದ್ದಾರೆ ಅಂತ ನೀನು ಹೇಳೋಕೆ ಮುಂಚೆನೇ ಗೊತ್ತು. ಅವನ ಅರ್ಜಿ ಬರೆದೋನು ಆ ಅನಂತಪದ್ಮನಾಭ, ಆಫೀಸಿನ ಎದುರಿಗೆ ಹೊಂಗೆ ಮರದ ಕೆಳಗೆ ಕೂತ್ಕೋತಾನಲ್ಲ, ಅವನೇ. ನಾಲ್ಕು ಸಾಲು ಬೈರಮ್ಮ, ನಾಲ್ಕೇ ಸಾಲು. ನಾನು ನೋಡಿದೆ. 'ಮೈ ಫಾದರ್ ಈಸ್ ದೇರ್' ಅಂತೆ. ಒಂದನೇ ಕ್ಲಾಸಿನ ಹುಡುಗ ಬರೆದ ಹಾಗೆ. ಅದನ್ನ ಇಂಗ್ಲಿಷ್ ಅಂತಾರಾ? ನನ್ನ ಪ್ರಾಣ ಹೋದ್ರೂ ನಾನು ಹಾಗೆ ಬರೆಯಲ್ಲ.

ಹೌದು, ಅವನದು ಉಳೀತು. ಅದಕ್ಕೇ ಹೇಳಿದ್ದು, ಸಾಹೇಬನಿಗೆ ಇಂಗ್ಲಿಷ್ ಬರಲ್ಲ ಅಂತ.

ನೋಡು, ನಿನ್ನ ಕೆಲಸಾನ ನಾನು ಉದಾಸೀನ ಮಾಡ್ದೆ ಅಂತ ಮಾತ್ರ ಅನ್ಬೇಡ. ಹೊಲ ಲೇಔಟಿಗೆ ಹೋಗುತ್ತೆ ಅನ್ನೋ ನೋಟೀಸು ಹಿಡ್ಕೊಂಡು ಬಂದ ದಿನ ಇಲ್ಲೇ ಕೂತು ನೀನು ಏನಂದೆ? 'ನಮ್ಮೆಜಮಾನ್ರು ಅಲ್ಲಿ ಮಲಗವ್ರೆ ಅಯ್ನೋರೆ, ಅವರ ಮ್ಯಾಲೆ ಮನೆ ಕಟ್ಟಬ್ಯಾಡಿ ಅಂತ ಬರೀರಿ' ಅಂದೆ. ಹೊಲ ಹೋದ್ರೆ ಹೋಗ್ಲಿ, ಆ ಎರಡು ಗುಂಟೆ ಬಿಡಲಿ ಅಂದೆ. ನನ್ನ ಕಣ್ಣಲ್ಲಿ ನೀರು ಬಂತು. ನಮ್ಮಲ್ಲೂ ಹೂಳೋದೇ ತಾನೆ? ಅಮಾವಾಸ್ಯೆಗೆ ಹೋಗಿ ದೀಪ ಇಟ್ಟು, ಎಡೆ ಇಟ್ಟು, ಕಷ್ಟ ಸುಖ ಹೇಳ್ಕೊಂಡು ಬರೋ ಜಾಗ ಅದು. ನನಗೆ ಗೊತ್ತಾಗಲ್ವಾ? ಅವತ್ತೇ ಒಂದು ಸ್ಟಾಂಪ್ ಹಾಳೆ ತಂದು, ಮತ್ತೆ ಮತ್ತೆ ನಿನ್ನನ್ನ ನಡೆಸೋದು ಬೇಡ ಅಂತ, ಕೆಳಗಡೆ ಮೊದಲೇ ಹೆಬ್ಬೆಟ್ಟು ಒತ್ತಿಸ್ಕೊಂಡೆ. ಕುಡುಗೋಲು ತಾಗಿ ಎರಡು ಸೀಳಾದ ಹೆಬ್ಬೆಟ್ಟು. ಒತ್ತುವಾಗ ನೀನೇ ನಕ್ಕು, ಈ ಗುರುತು ಇನ್ಯಾರಿಗೂ ಇರಲ್ಲ ಬುಡಿ ಅಂದೆ.

ಇರೋದು ಒಂದೇ ಹಾಳೆ. ತಪ್ಪು ಹೊಡೆಯೋ ಹಾಗಿಲ್ಲ, ಅಳಿಸೋ ಹಾಗಿಲ್ಲ. ಅದಕ್ಕೇ ಮೊದಲು ಬೇರೆ ಕಾಗದದಲ್ಲಿ ಬರೆದೆ, ತಿದ್ದಿದೆ. ಎಲ್ಲಾ ಚೆನ್ನಾಗಿ ಬಂತು. ಒಂದು ಪದದ ಹತ್ರ ಬಂದು ನಿಂತೋಯ್ತು. ಗುಡ್ಡೆ! ಗುಡ್ಡೆಗೆ ಇಂಗ್ಲಿಷಲ್ಲಿ ಏನಂತಾರೆ? ಗ್ರೇವ್‌ಯಾರ್ಡ್ ಅಂದ್ರೆ ಚರ್ಚಿನ ಪಕ್ಕದ್ದು. ಬರಿಯಲ್ ಗ್ರೌಂಡ್ ಅಂದ್ರೆ ಊರಿನೋರಿಗೆಲ್ಲ ಸೇರಿದ ಸ್ಮಶಾನ. ನಿಂದು ಅದಲ್ವಲ್ಲ. ತಾನು ಉತ್ತ ಮಣ್ಣಲ್ಲಿ ತಾನೇ ಮಲಗಿರೋದು, ಹೆಂಡತಿ ಪಕ್ಕದಲ್ಲೇ ಅವರೆ ಬಿಡಿಸ್ತಾ ಮಾತಾಡೋದು... ಅದಕ್ಕೆ ಪದ ಬೇಕಲ್ಲ. ಹುಡುಕಿದೆ ಬೈರಮ್ಮ. 'ಎ'ಯಿಂದ ಹಿಡಿದು ಹುಡುಕಿದೆ. ನೀನು ಬಂದಾಗೆಲ್ಲ ನಾಡಿದ್ದು ಕೊಡ್ತೀನಿ ಅಂತಿದ್ದೆನಲ್ಲ, ಸುಮ್ನೆ ಅಂತಿರಲಿಲ್ಲ.

ಕೊನೆಗೆ ಸಿಕ್ತು. ಎಂಥ ಪದ ಅಂತೀಯ! ತಾಳು, ತೋರಿಸ್ತೀನಿ. ಓದಕ್ಕೆ ಬರದಿದ್ರೆ ಏನಂತೆ, ಚಿತ್ರ ಇದೆ ಪಕ್ಕದಲ್ಲಿ, ಥೇಟ್ ಬೋರಣ್ಣನ ಗುಡ್ಡೆನೇ. 'ಟಿ'ಯಲ್ಲಿ... ಟ್ರ, ಟ್ರು, ಟು... ಹಾಂ! ಟ್ಯೂಮ್ಯುಲಸ್. ಹಿಂದೆ ರಾಜರಿಗೆ ಮಾಡ್ತಿದ್ರಂತೆ. ನೋಡು, ಇಲ್ಲಿ...

ಏನು ಬಿತ್ತು? ಬಿಡು, ಬಿಡು, ನಾನೇ ಎತ್ಕೋತೀನಿ. ಗುರುತಿಗೆ ಇಟ್ಟಿದ್ದ ಕಾಗದ ಅಷ್ಟೆ. ಏನೂ ಇಲ್ಲ ಅದರಲ್ಲಿ. ಕೊಡಿಲ್ಲಿ.

ಅದು ಕಾಪಿ ಬೈರಮ್ಮ. ಆಫೀಸಿಗೆ ಒಂದು ಕೊಟ್ಟು, ನಮಗೊಂದು ಇಟ್ಕೊಳ್ಳೋದು ಪದ್ಧತಿ. ಎಲ್ಲರೂ ಹಾಗೇ ಮಾಡ್ತಾರೆ.

...ಯಾಕೆ ಕೈ ಹಾಗೆ ಹಿಡ್ಕೊಂಡಿದ್ದೀಯ? ಹೆಬ್ಬೆಟ್ಟು ಕಾಗದದ ಪಕ್ಕ ಇಟ್ಟು ಏನು ನೋಡ್ತಿದ್ದೀಯ?

ಸರಿ. ನಿಂದೇ. ಆ ಸೀಳು ಇನ್ಯಾರದ್ದಾಗಿರುತ್ತೆ? ಒಂದೇ ಸಲ ಒತ್ತಿದ್ದು, ಒಂದೇ ಹಾಳೆ. ನೋಟೀಸಲ್ಲಿ ಅರ್ಜಿ ಕೊಡೋಕೆ ಮೂವತ್ತು ದಿನ ಅಂತಿತ್ತು. ನನಗೆ ಪದ ಸಿಕ್ಕಿದ್ದು ಮೂವತ್ತೆರಡನೇ ದಿನ. ಎರಡು ದಿನ, ಎರಡೇ ದಿನ! ಓಡಿ ಹೋದೆ, ಕಿಟಕಿ ಮುಂದೆ ನಿಂತೆ, ಗುಮಾಸ್ತ ತಾರೀಕು ನೋಡಿ ಕಾಗದಾನ ಮುಟ್ಟಲೂ ಇಲ್ಲ. ವಾಪಸ್ ಬಂದೆ. ಅವತ್ತು ಸಾಯಂಕಾಲ ನೀನು ಮಜ್ಜಿಗೆ ತಂದು, ಕೊಟ್ರಾ ಅಯ್ನೋರೆ ಅಂತ ಕೇಳಿದೆ. ಕೊಟ್ಟಾಯ್ತು ಅಂದೆ. ಇನ್ನೇನು ಅನ್ಲಿ? ನಿನ್ನ ಗಂಡನಿಗೆ ಒಪ್ಪೋ ಪದ ಹುಡುಕ್ತಾ ನಿನ್ನ ಗಂಡನ್ನೇ ಕಳೆದೆ ಅನ್ಲಾ?

ಬೈಯಿ ಬೈರಮ್ಮ. ಸಾರಕ್ಕಿ ಹೆಂಗಸರು ಬೈದ್ರೆ ಊರೇ ಎದ್ದು ಕೂರುತ್ತೆ ಅಂತಾರಲ್ಲ, ಒಂದು ಮಾತು ಬೈಯಿ. ನೀನಂದಿದ್ದನ್ನೇ ಬರೀಬೇಕಿತ್ತು, ಅಲ್ಲಿ ಮಲಗವ್ರೆ ಅಂತ. ಅಷ್ಟೇ ಸಾಕಿತ್ತು, ಗೊತ್ತು. ನನಗೆ ಗೊತ್ತಿಲ್ಲ ಅಂದ್ಕೊಂಡ್ಯಾ?

ಹೊರಟ್ಯಾ? ಚೊಂಬು... ಅದನ್ನೂ ತಗೊಂಡ್ಯಾ. ಸರಿ. ಕಾಗದಾನ ಯಾಕೆ ಸೆರಗಿಗೆ ಕಟ್ಕೋತಿದ್ದೀಯ? ಯಾರ ಹತ್ರ ಓದಿಸ್ತೀಯ, ಅನಂತಪದ್ಮನಾಭನ ಹತ್ರಾನಾ? ಓದಿಸು. ಧಾರಾಳವಾಗಿ ಓದಿಸು. ಹುಡುಕಿ ನೋಡಲಿ ಅವನು. ಬೈರಮ್ಮ, ಕೇಳಿಸ್ತಾ? ಅದರಲ್ಲಿ ಒಂದು ತಪ್ಪೂ ಇಲ್ಲ. ಒಂದೇ ಒಂದು ತಪ್ಪೂ ಇಲ್ಲ...