ಎಡಗೈಗೆ ಸೇರಬೇಕಾದದ್ದು

ಅಂದು ಬೆಳಗಿನಿಂದಲೇ ಸೋನೆ ಹಿಡಿದಿತ್ತು. ಚಾಮರಾಜನಗರದ ಶಿವಸ್ವಾಮಿಯವರ ನಡುಮನೆಯಲ್ಲಿ ಹುಳು ಗೂಡು ಕಟ್ಟಿದ ಬಿದಿರಿನ ಚಂದ್ರಿಕೆಗಳನ್ನು ಗೋಡೆಗೆ ಒರಗಿಸಿ ಹೆಂಗಸರು ರೇಷ್ಮೆಗೂಡು ಬಿಡಿಸುತ್ತಿದ್ದರು. ಥಂಡಿಗೆ ಗೂಡು ಮೆತ್ತಗಾಗುವ ಮೊದಲೇ ಸಂತೆಮರಹಳ್ಳಿಯ ಮಾರುಕಟ್ಟೆ ಮುಟ್ಟಿಸಬೇಕು. ಗಾಡಿ ಗೊತ್ತುಮಾಡಲು ಶಿವಸ್ವಾಮಿಯವರು ಪೇಟೆಗೆ ಹೋಗಿದ್ದರು. ಕೂಲಿಗೆ ಬಂದ ಗುರುಮಲ್ಲಮ್ಮ ಮತ್ತು ಕುಮಾರಿಯ ಜೊತೆ ಶಿವಸ್ವಾಮಿಯವರ ತಂಗಿಯ ಮಗಳು ಭವ್ಯಳೂ ಕೂತಿದ್ದಳು. ತಂದೆ ತಾಯಿ ಇಲ್ಲದ ಅವಳಿಗೆ ಹಿಂದಿನ ದಿನವಷ್ಟೇ ಹದಿನೆಂಟು ತುಂಬಿತ್ತು. ಗುಂಡ್ಲುಪೇಟೆಯ ನಲವತ್ತು ಎಕರೆ ಅರಿಶಿನದ ಹೊಲ ಇನ್ನು ಯಾರ ಪಾಲನೆಗೂ ಒಳಪಡದೆ ಅವಳದೇ.

ಆ ಮನೆಯ ಅಡುಗೆ ನೋಡಿಕೊಳ್ಳುವ ಮುದುಕಿ, ದೂರದ ನೆಂಟಳು ಈರಮ್ಮ ಕಾಫಿ ತಂದಳು. ಎಂದಿನಂತೆ ಭವ್ಯಳ ಪಕ್ಕದಲ್ಲಿ ಒಂದು ಖಾಲಿ ಮಣೆ ಹಾಕಿ ಅದರ ಮುಂದೊಂದು ಖಾಲಿ ಬುಟ್ಟಿ ಇಟ್ಟಳು. ಒಂಬತ್ತು ವರ್ಷದಿಂದ ನೋಡಿ ನೋಡಿ ಭವ್ಯ ಅದೇಕೆಂದು ಕೇಳುವುದನ್ನೂ ಬಿಟ್ಟಿದ್ದಳು.

"ಈರಜ್ಜಿ, ಮಣೆ ಭವ್ಯಕ್ಕನ್ನ ನೋಡಕೆ ಬರೋ ಗಂಡಿಗಾ?" ಎಂದಳು ಕುಮಾರಿ.

"ಬರೋ ಗಂಡಿಗಲ್ಲ ಕಣಮ್ಮಿ, ಬಂದಿರೋಳಿಗೆ," ಎಂದು ಮುದುಕಿ ಗೋಡೆಗೆ ಒರಗಿ ಕೂತಳು.

"ಇವತ್ತು ಯೋಳ್ತೀನಿ, ಕೇಳ್ರವ್ವ. ಇಷ್ಟು ದಿನ ಯಾಕೆ ಯೋಳ್ನಿಲ್ಲ? ಕತೆ ಮುಗುದಿರ್ನಿಲ್ಲ, ಅದ್ಕೆ... ಇವ್ಳವ್ವ ಚಿಕ್ಕಮಲ್ಲಮ್ಮ ಲಿಂಗಪೂಜೆ ಆಗ್ದೆ ಬಾಯ್ಗೆ ನೀರು ಬುಟ್ಕೊಂಡೋಳಲ್ಲ. ಗಂಡ ಪುಣಜನೂರು ರಸ್ತೇಲಿ ಲಾರಿಗೆ ಸಿಕ್ಕೋದ, ಎಲ್ಡು ವರ್ಸುಕ್ಕೆ ಅವ್ಳೂ ಕಾಮಾಲೆಲಿ ಹೋದ್ಲು. ಆಸ್ತಿಯೆಲ್ಲ ಈ ಒಂದು ಮಗೀಗೆ. ನಮ್ಮೋರ್ನ ಮಣ್ಣಿಗಿಡುವಾಗ ಏನ್ಮಾಡ್ತೀವಿ? ಕೊರಳ ಲಿಂಗ ಬಿಚ್ಚಿ ಎಡಗೈಲಿಟ್ಟು ಕಳುಸ್ತೀವಿ. ಮೈ ತೊಳ್ದೋಳು ನಾನೇ. ಇವ್ಳ ದೊಡ್ಡಪ್ಪ ಗುರುಪಾದಸ್ವಾಮಿ ಬಂದು, 'ಈರಮ್ಮ, ಇತ್ತಗೆ ಕೊಡು, ನಾನೇ ಇಡ್ತೀನಿ' ಅಂದ. ಕೊಟ್ಬುಟ್ಟೆ... ಇಟ್ನಾ? ಬರಿಗೈಲಿ ಮಣ್ಣಿಗೆ ಕಳುಸ್ಬುಟ್ಟ. ಅದೇ ಲಿಂಗ ತಂದು ಈ ಮಗೀನ ಕೊರಳ್ಗೆ ಕಟ್ಟುದ."

"ಶಿವ ಶಿವ, ಯಾಕಜ್ಜಿ?" ಎಂದಳು ಗುರುಮಲ್ಲಮ್ಮ.

"ಕೋರ್ಟಲ್ಲಿ ತೋರ್ಸಕೆ. 'ನನ್ ತಮ್ಮನ ಎಂಡ್ತಿ ಸಾಯೋಕ್ ಮುಂಚೆ ತಾನೇ ಬಿಚ್ಚಿ ಕೊಟ್ಲು, ಮಗೀನ ನೀವೇ ಸಾಕಿ ಬಾವ ಅಂದ್ಲು' ಅಂತ. ಉಸ್ರಿರೋಗಂಟ ಲಿಂಗ ಬಿಚ್ಚೋರು ಎಲ್ಲಾದ್ರೂ ಅವ್ರಾ? ಆಸೆ ಬಂದ್ರೆ ಅಷ್ಟೂ ಗ್ಯಾನ ಇರಕಿಲ್ಲ. ಈ ಮನೆ ಶಿವಸ್ವಾಮಿ, ಸೋದರಮಾವ, ಅವನೂ ನನ್ಗೇ ಕೊಡಿ ಅಂತ ಅರ್ಜಿ ಹಾಕುದ. ಇಬ್ರ ಬಾಯಲ್ಲೂ ಮಗೀನ ಹೆಸ್ರು, ಇಬ್ರ ಕಣ್ಣೂ ನಲವತ್ತೆಕ್ರೆ ಮ್ಯಾಲೆ."

ಕೋರ್ಟಿನ ದಿನ ಭವ್ಯಳಿಗೆ ಮಸುಕಾಗಿ ನೆನಪಿತ್ತು. ಅಂದು ನೀನು ಜ್ವರದಲ್ಲಿ ಏನೋ ಬಡಬಡಿಸಿದೆ ಎಂದು ಮಾವ ಹೇಳಿದ್ದನ್ನೇ ಅವಳು ನಂಬಿದ್ದಳು.

"ಜಡ್ಜ್ ಸಾಯೇಬ್ರು ಇವ್ಳ ಹತ್ರ ಕರುದು, 'ಯಾರ ಜೊತೆ ಇರ್ತೀಯವ್ವ?' ಅಂದ್ರು. 'ಅವ್ವನ ಜೊತೆ' ಅಂದ್ಲು. 'ಅವ್ವ ಎಲ್ಲವ್ಳೆ?' ಅಂದ್ರೆ... ಕೈ ತೋರುದ್ಲು ಕಣ್ರವ್ವ. 'ದೊಡ್ಡಪ್ಪನ ಬೆನ್ನಿಂದೆ. ಎಡಗೈ ಚಾಚ್ಕೊಂಡವ್ಳೆ. ನನ್ ಲಿಂಗ ಕೊಡು ಅಂತಾವ್ಳೆ.' ಹಾಡಹಗಲು, ಕೋರ್ಟ್ ತುಂಬ ಜನ... ಗುರುಪಾದಸ್ವಾಮಿ ತಿರುಗುದ. ಬಿಳಿ ಷರಟಿನ ಬೆನ್ನ ಮ್ಯಾಲೆ ಐದು ಬೆರಳ ಗುರ್ತು, ಒದ್ದೆ ಒದ್ದೆ. ಅಲ್ಲಿಗೆ ಕೇಸು ಬುಟ್ಟ. ಆಚ್ಗೆ ಬಂದು ಮಗೀನ ಕೊರಳ ಲಿಂಗ ಬಿಚ್ಚಿ ನನ್ ಕೈಗೆ ಹಾಕಿ, 'ಅವ್ಳ ಸಮಾಧಿಗೆ ಸೇರುಸ್ಬುಡು' ಅಂದ."

"ಸೇರ್ಸುದ್ರಾ?" ಎಂದಳು ಗುರುಮಲ್ಲಮ್ಮ.

"ಹೋದೆ. ಹೊಲದ ಮೂಲೇಲಿ ಸಮಾಧಿ ಹತ್ರ ಕೂತು ಮಣ್ಣೂ ತೆಗುದೆ. ಆಗ ಶಿವನೇ ಬುದ್ಧಿ ಕೊಟ್ಟ... ಕೊಟ್ಬುಟ್ರೆ ಚಿಕ್ಕಮಲ್ಲಮ್ಮ ಹೊಂಟೋಯ್ತಾಳೆ, ಮಗು ಮಾವನ ಕೈಲಿ. ಯಾರು ಕಾಯೋರು? 'ಇವತ್ತು ಕೊಡಕಿಲ್ಲ ಕಣವ್ವ, ನಿನ್ ಮಗ್ಳು ದೊಡ್ಡೋಳಾಗ್ಲಿ' ಅಂತ ಮಣ್ಣು ಮುಚ್ಚಿ ಎದ್ಬಂದೆ. ತಪ್ಪೋ ಸರಿಯೋ, ಆ ಶಿವನೇ ನೋಡ್ಕೋತಾನೆ. ಶಿವಸ್ವಾಮಿ ಮೂರು ಸಲ ಹೊಲ ಮಾರೋ ಪತ್ರ ಬರ್ಸ್ಕೊಂಡ್ಬಂದ. ಮೂರು ಸಲವೂ ಬೆಳಗಾಗೋದ್ರೊಳ್ಗೆ ಪತ್ರದ ಮ್ಯಾಲೆ ಒಂದು ಒದ್ದೆ ಎಡಗೈ, ಅಕ್ಷರ ಎಲ್ಲ ಕಲಸೋಗಿ... ಆಮ್ಯಾಕೆ ಅವನೂ ನ್ಯಾಯ್ವಾಗೇ ಸಾಕುದ, ಓದುಸ್ದ. ಸುಳ್ಳಾ? ಸಾಯಂಕಾಲ ಬತ್ತಾನಲ್ಲ, ಕೇಳ್ರಿ."

ಕುಮಾರಿ ನಕ್ಕಳು, ಆದರೆ ಮಣೆಯಿಂದ ದೂರ ಸರಿದು ಕೂತಳು. "ಅಜ್ಜಿ, ಮಳೆ ಬಂದ್ರೆ ನಿಂಗೆ ಕತೆ."

"ಸೂರು ಸೋರ್ತಾ ಇಲ್ಲ ಅಲ್ವಾ? ಆ ಮಣೆ ಮುಟ್ಟಿ ನೋಡು."

ಕುಮಾರಿ ಮುಟ್ಟಿದಳು. ಬೆರಳು ಒದ್ದೆಯಾಯಿತು. ಮಣೆಯ ಮುಂದಿನ ಬುಟ್ಟಿಯನ್ನು ಆಗ ಎಲ್ಲರೂ ನೋಡಿದರು. ಅಲ್ಲಿ ಯಾರೂ ಕೂತಿರಲಿಲ್ಲ, ಬುಟ್ಟಿಯಲ್ಲಿ ಬಿಡಿಸಿದ ಗೂಡು ಅರ್ಧ ತುಂಬಿತ್ತು.

ಈರಮ್ಮ ಸೊಂಟದ ಗಂಟು ಬಿಚ್ಚಿ ಬಿಳಿ ಬಟ್ಟೆಯಲ್ಲಿ ಸುತ್ತಿದ ಲಿಂಗವನ್ನು ತೆಗೆದಳು. ಒಂಬತ್ತು ವರ್ಷ ದಿನವೂ ಅದಕ್ಕೆ ನೀರು, ವಿಭೂತಿ, ಹೂವು ತಪ್ಪಿಸಿರಲಿಲ್ಲ. "ಕೊಡ್ಬೇಕಾದೋಳು ನಾನು. ಆದ್ರೆ ತಡುದಿದ್ದು ನಿನ್ಗೋಸ್ಕರ. ನೀನೇ ಕೊಡು ಮಗ."

"ಕೊಟ್ರೆ ಅವ್ವ ಹೋಗ್ಬುಡ್ತಾಳಾ?" ಭವ್ಯಳ ದನಿ ಅವಳಿಗೇ ಚಿಕ್ಕ ಹುಡುಗಿಯದಂತೆ ಕೇಳಿತು.

"ಹೋಗ್ಬೇಕಲ್ಲವ್ವ. ಇಷ್ಟು ವರ್ಸ ಕಾಯ್ತಾ ಅವ್ಳೆ, ದಣಿವಾಗಿರಕಿಲ್ವಾ?"

ಇಟ್ಟುಕೊಂಡರೆ ತಾಯಿ ಪಕ್ಕದಲ್ಲೇ ಇರುತ್ತಾಳೆ. ಆ ಆಸೆ ಎದೆಯಲ್ಲಿ ಎದ್ದದ್ದೂ ನಿಜ. ಆದರೆ ದೊಡ್ಡಪ್ಪನಿಗೂ ಹೀಗೇ ಒಂದು ಆಸೆ ಎದ್ದಿತ್ತಲ್ಲ ಎಂಬುದು ಅವಳಿಗೆ ಹೊಳೆಯಿತು. ಭವ್ಯ ಎದ್ದು ಕೈಕಾಲು ತೊಳೆದು, ಹಣೆಗೆ ವಿಭೂತಿ ಇಟ್ಟುಕೊಂಡು ಬಂದು ಮಣೆಯೆದುರು ಕೂತಳು.

"ತಕೋ ಅವ್ವ," ಎಂದು ಎರಡೂ ಕೈಯಿಂದ ಲಿಂಗವನ್ನು ನೀಡಿದಳು.

ಅವಳ ಕೈ ಕೆಳಗೆ ತಣ್ಣನೆಯ, ಒದ್ದೆಯ ಅಂಗೈಯೊಂದು ಬಂದು ತಾಗಿತು. ಬೆರಳನ್ನು ಒಮ್ಮೆ ಸವರಿತು. ಕೈ ಹಗುರವಾಯಿತು. ಮಣೆಯ ಮೇಲೆ ಏನೂ ಬೀಳಲಿಲ್ಲ.