ನೀರಿನೊಳಗೆ ನನ್ನ ಹಿಂದೆ ಇದ್ದವರ ಕುರಿತು

ನಾನು ಕಾಜಲ, ಗಂಡ ಶ್ರೀಮಂತ, ವಯಸ್ಸು 24, ಮನೆಗೆಲಸ, ಸಾ: ದುಬಲಗುಂಡಿ, ತಾ: ಹುಮನಾಬಾದ, ಸದ್ಯ ಹುಲಸೂರಿನ ತವರುಮನೆ. ಠಾಣೆಗೆ ಕರೆಸಿದ್ದರಿಂದ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ,

ನನ್ನ ಗಂಡನಿಗೆ ಹುಮನಾಬಾದದಲ್ಲಿ ಬೀಜ-ಗೊಬ್ಬರದ ಅಂಗಡಿ ಇದೆ. ಹೆಚ್ಚು ಮಾಲು ಮಾರಿದ ಅಂಗಡಿಯವರನ್ನು ಬೀಜದ ಕಂಪನಿಯವರು ಜೋಡಿಯಾಗಿ ಅಂಡಮಾನಕ್ಕೆ ಕರೆದೊಯ್ದರು. ದಿನಾಂಕ 11-02-2025ರಂದು ಬೆಳಿಗ್ಗೆ 9 ಗಂಟೆಗೆ ದೋಣಿಯಲ್ಲಿ ಕೂರಿಸಿ, ಸಮುದ್ರದೊಳಗೆ ಮುಳುಗಿ ಮೀನು ನೋಡುವ ಸ್ಕೂಬಾಕ್ಕೆ ಒಯ್ದರು. ಬೆನ್ನಿಗೆ ಗಾಳಿಯ ಸಿಲಿಂಡರ್, ಮುಖಕ್ಕೆ ದೊಡ್ಡ ಕನ್ನಡಕ, ಬಾಯಿಗೆ ನಳಿಕೆ. ನನಗೆ ಈಜು ಬರುವುದಿಲ್ಲ, ಆದರೂ ಹೆದರಿಕೆಯಾಗಲಿಲ್ಲ. ಯಾಕೋ ಗೊತ್ತಿಲ್ಲ. ನನ್ನ ಗಂಡ, "ನೀ ಮುಂದ ನಡಿ, ನಾ ಹಿಂದಿಂದ ಬರ್ತೀನಿ" ಎಂದರು.

ಕಲಿಸುವ ಮಾಸ್ತರು ಹಿಂದಿನಿಂದ ಸಿಲಿಂಡರ್ ಹಿಡಿದು ನನ್ನನ್ನು ಸುಮಾರು ಇಪ್ಪತ್ತು ಅಡಿ ಆಳಕ್ಕೆ ಒಯ್ದರು. ಎಲ್ಲರನ್ನೂ ಹಾಗೆಯೇ ಒಯ್ಯುತ್ತಾರೆ. ಗಂಡನೂ ಹಿಂದೆಯೇ ಇದ್ದಾರೆಂದುಕೊಂಡೆ. ಮುಂದೆ ಹಳದಿ ಮೀನುಗಳಿದ್ದವು, ಅವನ್ನೇ ನೋಡಿದೆ. ಮದುವೆಯಾದ ಮೇಲೆ ಅಷ್ಟು ಖುಷಿಯಾದದ್ದು ಅದೇ ಮೊದಲು. ಮೇಲೆ ಬಂದು ನೋಡಿದರೆ ನನ್ನ ಗಂಡ ದೋಣಿಯ ಕಂಬ ತಬ್ಬಿಕೊಂಡು ಕುಳಿತಿದ್ದರು. ತಲೆಗೂದಲು ಒದ್ದೆಯಾಗಿರಲಿಲ್ಲ.

ಹೆಂಡತಿ ಇಳಿದಳು, ಗಂಡ ಇಳಿಯಲಿಲ್ಲ ಎಂದರೆ ಓಣಿ ನಗುತ್ತದೆ ಎಂದು ಅವರು ಊರಿಗೆ ಬಂದು, ದೋಣಿಯವರು ನೀರೊಳಗೆ ತೆಗೆದುಕೊಟ್ಟ ನನ್ನ ವಿಡಿಯೊ ತೋರಿಸಿ, "ಹಿಂದ ಹಿಡದಾಂವ ನಾನೇ" ಎಂದರು. ಕನ್ನಡಕದಲ್ಲಿ ಮುಖ ಕಾಣುವುದಿಲ್ಲ. ಅತ್ತೆ ಯಶೋದಾಬಾಯಿ ಓಣಿಗೆಲ್ಲ ತೋರಿಸಿದರು. ನಾನು ನೋಡಲು ಬಂದವರಿಗೆ ಚಹಾ ಕೊಟ್ಟೆ.

ದಿನಾಂಕ 20ರಂದು, ನಮ್ಮ ಜೊತೆ ಬಂದಿದ್ದ ನಿರ್ಣಾದ ಅಂಗಡಿಯ ಏಜಾಜ್ ಅವರು ಮಾವ ಸಂಗಪ್ಪನವರಿಗೆ ನಗುತ್ತ, "ನಿಮ್ಮ ಹುಡುಗ ನೀರಿಗಿ ಇಳಿಲೇ ಇಲ್ರಿ, ವಾಂತಿ ಮಾಡ್ಕೋತ ಕುಂತಿದ್ದ" ಎಂದರಂತೆ. ಹಾಗಾದರೆ ಸೊಸೆಯನ್ನು ಹಿಡಿದವನು ಯಾರು ಎಂದು ಮಾವ ಮನೆಗೆ ಬಂದು ಕೇಳಿದರು. ನನ್ನ ಗಂಡ, "ನನಗೇನ್ ಗೊತ್ತು, ಅಕಿಗೇ ಕೇಳ್ರಿ" ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನಾನು ಮಾಸ್ತರು ಎಂದೆ, ಯಾರೂ ನಂಬಲಿಲ್ಲ. ಇದು ತೀರುವ ತನಕ ಹೊಸ್ತಿಲು ತುಳಿಯಬೇಡ ಎಂದು ಅತ್ತೆ ಬಸ್ಸು ಹತ್ತಿಸಿದರು. ಬಸವಕಲ್ಯಾಣದಲ್ಲಿ ಹುಲಸೂರ ಬಸ್ಸಿಗೆ ಕಾಯುತ್ತ ಅರ್ಧ ತಾಸು ಕಣ್ಣೀರು ಹಾಕಿದೆ. ಸಿಟ್ಟಿಗೋ ದುಃಖಕ್ಕೋ ತಿಳಿಯಲಿಲ್ಲ. ಇತ್ತ ಮಾವ, ನೀರಿನೊಳಗೆ ಸೊಸೆಯ ಮೈ ಮುಟ್ಟಿದನೆಂದು ಅಪರಿಚಿತನ ಮೇಲೆ ದೂರು ಕೊಟ್ಟರು.

ಮಾಸ್ತರದು ತಪ್ಪಿಲ್ಲ, ಕೈ ಬಿಟ್ಟಿದ್ದರೆ ನಾನು ಸಾಯುತ್ತಿದ್ದೆ. ನನ್ನದೂ ತಪ್ಪಿಲ್ಲ. ಗಂಡ ಹೆದರಿದ್ದೂ ಅಪರಾಧವಲ್ಲ. ಹಾಗಾದರೆ ನಾನು ಠಾಣೆಯಲ್ಲಿ ಯಾಕೆ ಕುಳಿತಿದ್ದೇನೆಂದು ಅರ್ಥವಾಗುತ್ತಿಲ್ಲ. ಆ ಸಮುದ್ರ ಯಾವ ಠಾಣೆಯ ಹದ್ದಿಗೆ ಬರುತ್ತದೆಂದು ಸಾಹೇಬರು ಮಾವನನ್ನೇ ಕೇಳಿದರು. ನನಗೆ ನನ್ನ ಮನೆ ಬೇಕು. ಕಳಂಕ ಹೊತ್ತುಕೊಂಡು ಬೇಡ.

ಮೇಲಿನದೆಲ್ಲ ನಾನೇ ಹೇಳಿ ಬರೆಸಿದ್ದು, ಓದಿಸಿ ಕೇಳಿದ್ದೇನೆ, ನಿಜವಿದೆ. ಸಾಕ್ಷಿಯ ಸಹಿ ಯಾರು ಹಾಕುತ್ತೀರಿ ಎಂದು ಸಾಹೇಬರು ಕೇಳಿದಾಗ ಮಾವ ಏಳಲಿಲ್ಲ. ಬಾಗಿಲಲ್ಲಿ ನಿಂತಿದ್ದ ನನ್ನ ಗಂಡ ಒಳಗೆ ಬಂದು ಪೆನ್ನು ಕೇಳಿದರು.

ಸ್ಥಳ: ಹುಮನಾಬಾದ
ದಿನಾಂಕ: 26-02-2025
ಸಹಿ: ಕಾಜಲ

ಸಾಕ್ಷಿ: ಶ್ರೀಮಂತ ತಂದೆ ಸಂಗಪ್ಪ. ನಾನು ನೀರಿಗೆ ಇಳಿದಿಲ್ಲ.