ಈಟಿಯವರ ಧೈರ್ಯ

"ಆಟದಲ್ಲಿ ಬೇಕಂತ್ಲೇ ಯಾವತ್ತೂ ಸೋಲಲ್ಲ ಅಂತ ಎಂಟು ವರ್ಷದವಳಿದ್ದಾಗ ನಂಗೆ ಮಾತು ಕೊಟ್ಟಿದ್ದೆ, ನೆನಪಿದೆಯಾ?"

ಕಣ್ಣಾಸ್ಪತ್ರೆಯಲ್ಲಿ ಮಗಳ ಸರದಿ ಕಾಯುತ್ತಾ ತೂಕಡಿಸುತ್ತಿದ್ದ ನನಗೆ ಎಚ್ಚರವಾಯಿತು. ಪಕ್ಕದಲ್ಲಿ ವಯಸ್ಸಾದ ದರ್ಜಿಯೊಬ್ಬರು, ಕೊರಳಲ್ಲಿ ಅಳತೆ ಟೇಪು, ಕಣ್ಣಿಗೆ ಔಷಧ ಹಾಕಿಸಿಕೊಂಡು ರೆಪ್ಪೆ ಮುಚ್ಚಿ ಕೂತಿದ್ದರು. ಜೊತೆಗೆ ಅವರ ಅಕ್ಕನ ಮಗಳು.

"ನೆನಪಿದೆ ಮಾಮ. ಆದ್ರೆ ಆಪರೇಷನ್‌ಗೆ ಮುಂಚೆ ನಿನ್ನ ಗೆಲ್ಲಿಸು ಅಂತ ಅಮ್ಮ ಕೈ ಮುಗಿದಿದ್ದಾಳೆ."

"ಕಣ್ಣು ಮಂಜಾಯ್ತು ಅಂತ ಕರುಣೆನಾ? ಗೆಲ್ಲಿಸಿದ್ರೆ ಇನ್ನು ಆಡೋದೇ ಇಲ್ಲ. ನಿನ್ನೆ ಯುದ್ಧ ಎಲ್ಲಿಗೆ ನಿಲ್ಲಿಸಿದ್ವಿ?"

"ಮನೇಲಿ ಮೇಜಿನ ಮೇಲೆ ನಿನ್ನ ಸೀಸದ ಗೊಂಬೆ ಸೈನ್ಯದಲ್ಲಿ ಈಟಿಯವರು ಅರ್ಧ ಸತ್ತಿದ್ದಾರೆ. ಉಳಿದವರ ಧೈರ್ಯಕ್ಕೆ ದಾಳ ಹಾಕ್ಬೇಕು. ನಾಲ್ಕೋ ಮೇಲೋ ಬಂದ್ರೆ ನಿಲ್ತಾರೆ. ಕಮ್ಮಿಯಾದ್ರೆ ಓಡ್ತಾರೆ, ನೀನು ಸೋತೆ."

"ಕೊಡು ಇಲ್ಲಿ. ನಾನು ಹಾಕ್ತೀನಿ, ನೀನು ನೋಡಿ ಹೇಳು."

ದಾಳ ಬೆಂಚಿನ ಮೇಲೆ ಉರುಳಿತು. ಎರಡು. ಅವಳು ನನ್ನ ಮುಖ ನೋಡಿದಳು.

"ಎಷ್ಟೇ?"

"ಎರಡು ಮಾಮ. ಓಡಿದ್ರು."

"ಓಡ್ಲಿ, ಹೇಡಿಗಳು! ಕಣ್ಣಿನ ಪಟ್ಟಿ ಬಿಚ್ಚಿದ ದಿನ ಮತ್ತೆ ಸಾಲು ಕಟ್ಟು. ನಿನ್ನ ಕುದುರೆ ಮೇಜಿನ ಮೇಲೆ ಎಷ್ಟಿಂಚು ನುಗ್ಗುತ್ತೆ ಅಂತ ಈ ಟೇಪಲ್ಲಿ ನಾನೇ ಅಳೀತೀನಿ."

ನರ್ಸ್ ಕರೆದಳು. ಇಬ್ಬರೂ ಎದ್ದು ಒಳಗೆ ಹೋದರು.

ಹುಡುಗಿ ಮಾತು ಉಳಿಸಿಕೊಂಡಳು.